ಬೀಗಿತ್ತಿಯ ಬೆರಳು, ನನ್ನ ಮಣಿಕಟ್ಟು

ನಿಮ್ಮ ಬೀಗಿತ್ತಿಯ ಕೈಬೆರಳು ನೋಡಿ ಯಾವತ್ತಾದರೂ ಹೊಟ್ಟೆ ಉರಿದುಕೊಂಡಿದ್ದೀರಾ? ಒಡವೆ ನೋಡಿ, ಸೀರೆ ನೋಡಿ ಉರಿದುಕೊಂಡಿರುತ್ತೀರಿ, ಅದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಾನು ಕೇಳುತ್ತಿರುವುದು ಬರೀ ಬೆರಳು. ಉಂಗುರವಿಲ್ಲದ, ಉಗುರು ಸವೆದ, ಮೂಳೆ ಮೂಳೆಯ ಬೆರಳು. ಇಲ್ಲ ಅನ್ನುವುದಾದರೆ ನೀವು ಪುಣ್ಯವಂತರು. ನಾನಲ್ಲ.

ನಾನು ಮಾಕಳಿಯಿಂದ ಬಸ್ಸು ಹತ್ತಿ ಪೀಣ್ಯಕ್ಕೆ ಹೋಗುತ್ತೇನೆ. ಅಲ್ಲಿ ಒಂದು ಶೆಡ್ಡಿನಲ್ಲಿ ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಕೂರಿಸುವುದು ನನ್ನ ಕೆಲಸ. "ಈ ವಯಸ್ನಲ್ಲಿ ಎಲ್ಲಿಗಜ್ಜಿ ದಿನಾ?" ಎಂದು ಕಂಡಕ್ಟರು ಕೇಳಿದರೆ, "ನಿಮ್ಮನೆ ಟ್ಯಾಂಕಿಗೆ ನೀರು ತಾನಾಗೇ ಏರ್ತದಾ ಮಗ?" ಅನ್ನುತ್ತೇನೆ. ಬೇಸಿಗೆ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಪಂಪುಗಳು ಒಂದರ ಹಿಂದೊಂದು ಸುಡುತ್ತವೆ. ನಮ್ಮ ಶೆಡ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಚೆಗೆ ಕಲಿಸಿದ್ದಾಳೆ. ಒತ್ತಕ್ಷರ ಸಿಗದೆ ಎಷ್ಟೋ ಸಲ ಅವಳನ್ನು ಓದಿನಿಂದ ಎಬ್ಬಿಸಿದ್ದೇನೆ. ಆದರೂ ಈ ಕಥೆಯನ್ನು ಅವಳ ಕೈಲಿ ಬರೆಸಿಲ್ಲ. ಬರೆಸಿದರೆ ಅವಳು ತನ್ನ ಇನ್ನೊಂದು ಅಜ್ಜಿಯ ಪರ ವಹಿಸುತ್ತಾಳೆ.

ಕೆಲಸ ಹೇಗೆ ಅಂತ ಮೊದಲು ಹೇಳಬೇಕು, ಇಲ್ಲದಿದ್ದರೆ ನನ್ನ ಉರಿ ನಿಮಗೆ ಅರ್ಥವಾಗುವುದಿಲ್ಲ. ಮೋಟರಿನ ಒಳಗೆ ಕಬ್ಬಿಣದ ಒಂದು ದಪ್ಪ ಬಳೆ ಇರುತ್ತದೆ, ಸ್ಟೇಟರ್ ಅಂತ. ಅದರ ಒಳಮೈಗೆ ಸುತ್ತಲೂ ಸೀಳುಗಳು. ಆ ಸೀಳಿಗೆ ಸ್ಲಾಟ್ ಅನ್ನುತ್ತೇವೆ. ಸುಟ್ಟ ತಂತಿ ಕಿತ್ತು, ಸ್ಲಾಟ್ ಕೆರೆದು, ಕಾಗದದ ಹಾಸು ಕೂರಿಸಿ, ಆಮೇಲೆ ತಾಮ್ರದ ತಂತಿಯ ಸಿಂಬಿಯನ್ನು ಒಂದೆರಡು ಎಳೆಯಾಗಿ ಬಿಡಿಸಿಕೊಂಡು ಒಳಗೆ ಜಾರಿಸಬೇಕು. ಸ್ಲಾಟಿನ ಬಾಯಿ ಕಿರಿದು, ಅಂಚು ಹರಿತ. ತಂತಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಎನಾಮಲ್ ಇರುತ್ತದೆ. ಅಂಚಿಗೆ ಉಜ್ಜಿ ಅದು ಕೆರೆದುಹೋಯಿತೋ, ಕರೆಂಟು ಕಬ್ಬಿಣಕ್ಕೆ ಹರಿದು ಮೋಟರು ಮತ್ತೆ ಸುಡುತ್ತದೆ. ಒಂದು ಎಳೆ ಇನ್ನೊಂದರ ಮೇಲೆ ಅಡ್ಡ ಹತ್ತಿದರೂ ಕಷ್ಟ. ಅದು ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳು ಸವರಿ ಹೇಳಬೇಕು. ನಮ್ಮ ಓನರ್ ಹೊಸಬರಿಗೆ ನನ್ನನ್ನು ತೋರಿಸಿ, "ಅಮ್ಮನ ಹೆಬ್ಬೆಟ್ಟಲ್ಲಿ ಕಣ್ಣಿದೆ" ಅನ್ನುತ್ತಿದ್ದರು. ಕಿಟಕಿಯ ಕೆಳಗೆ ಬೆಳಕು ಬೀಳುವ ಸ್ಟೂಲು ನನ್ನದು. ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಹೋದ ಬೇಸಿಗೆಯ ಶುರುವಿಗೆ ಆ ಕಣ್ಣಿಗೆ ಪೊರೆ ಬಂತು.

ಮೊದಮೊದಲು ಜೋಮು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೆ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಇರುವೆ ಹರಿದ ಹಾಗೆ. ಕೈ ಕೆಳಗೆ ಬಿಟ್ಟು ನಾಲ್ಕು ಸಲ ಕೊಡವಿದರೆ ಸರಿಹೋಗುತ್ತಿತ್ತು. ಕಿರುಬೆರಳಿಗೆ ಮಾತ್ರ ಏನೂ ಇಲ್ಲ, ಅದು ಪಕ್ಕದ ಮನೆಯವಳ ಹಾಗೆ ಆರಾಮವಾಗಿತ್ತು. ಆಮೇಲೆ ಸೀರೆಯ ಪಿನ್ನು ಜಾರತೊಡಗಿತು. ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತರೆ ಕಲ್ಲೂ ಅಕ್ಕಿಯೂ ಒಂದೇ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಯಲ್ಲಿ ಕೂರು ಅನ್ನುತ್ತಾರೆ. ಸ್ಟೂಲು ಹೋದರೆ ನಾನು ಸೊಪ್ಪು ಬಿಡಿಸುವ ಅಜ್ಜಿ, ಅಷ್ಟೆ.

ನಮ್ಮ ಕೆಲಸದವರಿಗೆ ಒಂದು ನಂಬಿಕೆ ಇದೆ, ತಾಮ್ರ ನೋವನ್ನು ಎಳೆದುಕೊಳ್ಳುತ್ತದೆ ಅಂತ. ಸಿಂಬಿ ಸುತ್ತಿ ಉಳಿದ ತುಂಡು ತಂತಿಯನ್ನು ಮಣಿಕಟ್ಟಿಗೆ ಕಡಗದ ಹಾಗೆ ಸುತ್ತಿಕೊಂಡೆ. ಸುತ್ತಿದ್ದು ಹೇಗೆ ಗೊತ್ತೇ? ಎಳೆಯ ಪಕ್ಕ ಎಳೆ, ಕೂದಲು ತೂರದಷ್ಟು ಬಿಗಿಯಾಗಿ, ಮೇಲೊಂದು ಟೇಪು ಬಿಗಿದು ಗಂಟು. ಜೀವಮಾನವಿಡೀ ಬಿಗಿಯಾಗಿ ಸುತ್ತಿದವಳಿಗೆ ಸಡಿಲವಾಗಿ ಸುತ್ತಲು ಬರುವುದಿಲ್ಲ. ಜೋಮು ಹೆಚ್ಚಾಯಿತು. ತಾಮ್ರ ನೋವು ಎಳೆಯುತ್ತಿದೆ, ಅದಕ್ಕೇ ಹೀಗೆ ಅಂದುಕೊಂಡು ಇನ್ನೂ ಎರಡು ಸುತ್ತು ಹಾಕಿದೆ.

ಆಗಲೇ ಬಂದಳು ಬೀಗಿತ್ತಿ. ಸೊಸೆಯ ತಾಯಿ. ರಾಣೆಬೆನ್ನೂರಿನ ಕಡೆಯವಳು. ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುತ್ತೇನೆ ಅಂತ ಬ್ಯಾಗು ಹಿಡಿದು ಬಂದವಳು. ಬ್ಯಾಗಿನ ಗಾತ್ರ ನೋಡಿಯೇ ನಾಲ್ಕು ದಿನದ್ದಲ್ಲ ಅಂತ ನನಗೆ ಗೊತ್ತಾಗಿತ್ತು. ಬ್ಯಾಗಿನಲ್ಲಿ ಅರ್ಧ ಹೊಲಿದ ಕೌದಿ ಇತ್ತು. ಹಳೇ ಸೀರೆಗಳನ್ನು ಪದರ ಪದರ ಹಾಕಿ ಹೊಲಿಯುತ್ತಾರಲ್ಲ, ಆ ಹೊದಿಕೆ. ಟಿವಿ ನೋಡುತ್ತಾ, ಕೈ ಕಡೆ ಕಣ್ಣು ಹಾಯಿಸದೆ ಹೊಲಿಯುತ್ತಿದ್ದಳು. ಒಳಪದರ ಎಲ್ಲಿ ಮಡಿಚಿದೆ ಎಂದು ಬೆರಳೇ ಹೇಳುತ್ತಿತ್ತು. ನನ್ನ ಎದೆಯಲ್ಲಿ ಮೊದಲ ಕಿಡಿ ಬಿದ್ದದ್ದು ಅಲ್ಲಿ.

"ಏನ್ರಿ ಬೀಗ್ತೇರ, ಕೈ ಯಾಕ ಹಂಗ ಝಾಡಿಸಾಕತ್ತೀರಿ?" ಅಂದಳು ಒಂದು ಬೆಳಿಗ್ಗೆ.

"ನೀರು ಕೊಡವ್ದೆ ಕಣಮ್ಮ."

"ನೀರ ಮುಟ್ಟೇ ಇಲ್ಲಲ್ರಿ ನೀವು."

ಬೆರಳಿಗಷ್ಟೇ ಅಲ್ಲ, ಕಣ್ಣಿಗೂ ಚುರುಕು.

ಶೆಡ್ಡಿನಲ್ಲಿ ಕೆಲಸ ಮುಗಿದ ಸ್ಟೇಟರನ್ನು ಬಲ್ಬು ಇಟ್ಟು ಪರೀಕ್ಷೆ ಮಾಡುತ್ತಾರೆ. ಒಂದು ತುದಿ ತಂತಿಗೆ, ಇನ್ನೊಂದು ಕಬ್ಬಿಣಕ್ಕೆ. ಬಲ್ಬು ಹತ್ತಬಾರದು. ನಾನು ಕೂರಿಸಿದ ಸ್ಟೇಟರಿಗೆ ಬಲ್ಬು ಹತ್ತಿತು. ಓನರ್ ತಂತಿಯನ್ನು ಬೈದರು, ಈ ಲಾಟೇ ಸರಿಯಿಲ್ಲ ಅಂತ. ಮುಂದಿನದಕ್ಕೂ ಹತ್ತಿತು. ಆಗ ಕಾಗದವನ್ನು ಬೈದರು. ಆಮೇಲೆ ಪರೀಕ್ಷೆಯಲ್ಲಿ ಪಾಸಾಗಿ ಹೋದ ಒಂದು ಪಂಪು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರಲ್ಲಿ ಮರುದಿನವೇ ಸುಟ್ಟು ವಾಪಸ್ ಬಂತು. ಬಿಚ್ಚಿ ನೋಡಿದರೆ ಸ್ಲಾಟಿನಲ್ಲಿ ಎಳೆಗಳು ಜಡೆಯ ಹಾಗೆ ಹೆಣೆದುಕೊಂಡಿದ್ದವು. ಓನರ್ ಯಾರನ್ನೂ ಬೈಯಲಿಲ್ಲ. ಅದೇ ಕೆಟ್ಟದ್ದು.

"ಅಮ್ಮ, ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ದಿನ ಕಾಗದ ಕಟ್ ಮಾಡ್ಕೊಂಡಿರಿ."

"ಯಾಕಪ್ಪ, ನನ್ ಕೈಗೇನಾಗೈತೆ?"

"ನೀವೇ ಹೇಳ್ಬೇಕು. ನಂಗೆ ಆ ಅಪಾರ್ಟ್‌ಮೆಂಟ್ ಸೆಕ್ರೆಟ್ರಿ ಫೋನ್ ಮೇಲ್ ಫೋನ್ ಮಾಡ್ತಾವ್ನೆ."

ಕಾಗದ ಕತ್ತರಿಸುವುದು ಹೊಸಬರ ಕೆಲಸ. ನನ್ನ ಸ್ಟೂಲು ಖಾಲಿ ಇತ್ತು. ಖಾಲಿ ಇರುವವರೆಗೆ ನನಗೆ ಸಮಾಧಾನ.

ಒಂದು ಮಧ್ಯಾಹ್ನ ಬುತ್ತಿ ಮರೆತು ಹೋಗಿದ್ದೆ. ಬೀಗಿತ್ತಿ ದಾರಿ ಕೇಳಿಕೊಂಡು ಶೆಡ್ಡಿಗೆ ತಂದಳು. ನಾನು ಉಣ್ಣುವಷ್ಟು ಹೊತ್ತು ಸುಮ್ಮನೆ ಕೂತಿರಬಹುದಿತ್ತಲ್ಲ? ಬೇರೆಯವರು ಅರ್ಧ ಕೂರಿಸಿಟ್ಟಿದ್ದ ಸ್ಟೇಟರಿನೊಳಗೆ ಬೆರಳು ಹಾಕಿ ಸವರಿದಳು. "ಇಲ್ಲೊಂದು ಎಳಿ ಅಡ್ಡ ಬಿದ್ದೈತಿ ನೋಡ್ರಿ," ಅಂದಳು. ಓನರ್ ಬಂದು ಬಗ್ಗಿ ನೋಡಿದರು. ಬಿದಿರ ಕಡ್ಡಿಯಿಂದ ಎತ್ತಿ ನೋಡಿದರು. ಬಿದ್ದಿತ್ತು.

"ಇವ್ರು ಯಾರಮ್ಮ?"

"ನಮ್ ಸೊಸೆ ತಾಯಿ. ನಾಳಿದ್ದು ಊರಿಗೆ ಒಂಟವ್ರೆ."

"ಇಲ್ರಿ ಸಾಹೇಬ್ರ, ನಾ ಎಲ್ಲೂ ಹೊಂಟಿಲ್ಲ."

ಸೋಮವಾರದಿಂದ ಅವಳು ನನ್ನ ಸ್ಟೂಲಿನ ಮೇಲೆ. ಕಲಿಸುವುದು ನನ್ನ ಪಾಲಿಗೆ. ನಾನು ಎಷ್ಟು ಜಿಪುಣಿಯಾಗಿ ಕಲಿಸಿದೆನೆಂದರೆ, ಸಾರಿಗೆ ಉಪ್ಪು ಹಾಕುವಾಗಲೂ ಅಷ್ಟು ಯೋಚಿಸಿದವಳಲ್ಲ. ಎಳೆ ಬಿಡಿಸುವುದು ತೋರಿಸಿದೆ, ಎಡಗೈಯಲ್ಲಿ ಹಿಂದಿನಿಂದ ಎಳೆದುಕೊಳ್ಳುವುದು ತೋರಿಸಲಿಲ್ಲ. ಅವಳೇ ಕಂಡುಕೊಂಡಳು. "ಕೌದ್ಯಾಗೂ ಹಿಂಗ ಜಗ್ಗತೀವಿ," ಅಂದಳು. ಬಲ್ಬು ಹತ್ತಲಿಲ್ಲ. ಮರುದಿನವೂ ಹತ್ತಲಿಲ್ಲ. ಪ್ರತಿ ಪರೀಕ್ಷೆಗೂ ನಾನು ಕಾಗದ ಕತ್ತರಿಸುವುದು ಬಿಟ್ಟು ಆ ಬಲ್ಬನ್ನೇ ನೋಡುತ್ತಿದ್ದೆ. ಹತ್ತು ಮಾರಾಯ, ಒಂದು ಸಲ ಹತ್ತು ಅಂತ. ಹೊಸಬರಿಗೆ ಓನರ್ ಈಗ ಅವಳನ್ನು ತೋರಿಸುತ್ತಿದ್ದರು. ಮನೆಗೆ ಹೋದರೂ ಬಿಡುವಿಲ್ಲ. ಸೊಸೆ, "ಅವ್ವ, ಇವತ್ತೆಷ್ಟು ಮೋಟರ್?" ಅಂತ ಅವಳನ್ನು ಕೇಳುತ್ತಿದ್ದಳು. ಇಷ್ಟು ವರ್ಷ ನನ್ನನ್ನು ಯಾವತ್ತೂ ಕೇಳಿರಲಿಲ್ಲ.

ಒಂದು ದಿನ ಸ್ಟೀಲು ಲೋಟ ಕೈಯಿಂದ ಜಾರಿ ಬಿಸಿ ಕಾಫಿ ಕಾಲ ಮೇಲೆ ಬಿತ್ತು. ಸೊಸೆ ನನ್ನನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಮೊದಲು ಕೇಳಿದ್ದು ನನ್ನ ಕಡಗದ ಬಗ್ಗೆ.

"ಇದೇನಜ್ಜಿ?"

"ತಾಮ್ರ. ನೋವು ಎಳ್ಕೊಳ್ತದೆ."

"ಎಳ್ಕೊಳ್ಳತ್ತೋ ಬಿಡತ್ತೋ, ಒತ್ತಂತೂ ಒತ್ತಿದೆ." ಕತ್ತರಿ ತೆಗೆದುಕೊಂಡು ಕತ್ತರಿಸಿದರು. ಕೆಳಗೆ ಚರ್ಮದ ಮೇಲೆ ಸಾಲು ಸಾಲು ಗೆರೆ. ಅಷ್ಟು ಅಚ್ಚುಕಟ್ಟಾದ ಸುತ್ತು ಹಾಳಾಯಿತಲ್ಲ ಅಂತ ನನಗೆ ಬೇಜಾರಾಯಿತು.

ಕಣ್ಣು ಮುಚ್ಚಿಸಿ, ಯಾವ ಬೆರಳು ಮುಟ್ಟುತ್ತಿದ್ದೇನೆ ಹೇಳಿ ಅಂದರು. ನಾನು ರೆಪ್ಪೆಯ ಸಂದಿಯಿಂದ ನೋಡಿ ಎಲ್ಲವನ್ನೂ ಸರಿ ಹೇಳಿದೆ. ಡಾಕ್ಟರಮ್ಮ ಸೊಸೆಗೆ ಸನ್ನೆ ಮಾಡಿ ನನ್ನ ಮುಖದ ಮೇಲೆ ಟವೆಲ್ಲು ಹಾಕಿಸಿದರು. ಆಮೇಲೆ ಒಂದೂ ಸರಿಯಾಗಲಿಲ್ಲ. ಎರಡೂ ಕೈ ಮಡಿಚಿ, ಮಣಿಕಟ್ಟು ಬಗ್ಗಿಸಿ ಹಿಂಗೈಗೆ ಹಿಂಗೈ ಒತ್ತಿ ಹಿಡಿಯಲು ಹೇಳಿದರು. ಸ್ವಲ್ಪ ಹೊತ್ತಿಗೇ ಮೂರು ಬೆರಳಲ್ಲಿ ಇರುವೆಗಳ ಜಾತ್ರೆ.

"ಇಲ್ಲಿ ಮಣಿಕಟ್ಟಲ್ಲಿ ಒಂದು ಸಣ್ಣ ಓಣಿ ಇದೆ ಅಜ್ಜಿ. ಬೆರಳು ಮಡಿಚೋ ಹುರಿಗಳೆಲ್ಲ ಅದರಲ್ಲೇ ಹೋಗ್ಬೇಕು, ಅವುಗಳ ಜೊತೆ ಒಂದು ನರಾನೂ ಹೋಗ್ಬೇಕು. ಕೈ ಬಗ್ಗಿಸಿ ಬಗ್ಗಿಸಿ ಒತ್ತೋ ಕೆಲಸ ಮಾಡಿದ್ರೆ ಹುರಿಗಳ ಸುತ್ತ ಊತ ಬರತ್ತೆ, ಓಣಿ ದೊಡ್ಡದಾಗಲ್ಲ. ನರ ಸಿಕ್ಕಾಕೊಳ್ಳತ್ತೆ."

"ಸ್ಲಾಟಿಗೆ ಜಾಸ್ತಿ ತಂತಿ ತುರುಕಿದಂಗೆ."

"ನಂಗೆ ಸ್ಲಾಟ್ ಗೊತ್ತಿಲ್ಲ. ಆದ್ರೆ ಇದನ್ನ ನೋಡಿ." ನನ್ನ ಎರಡೂ ಅಂಗೈಗಳನ್ನು ಪಕ್ಕ ಪಕ್ಕ ಇಟ್ಟರು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಗುಬುಟು ಮಾಂಸ. ಬಲಗೈಯಲ್ಲಿ ಆ ಜಾಗ ಒತ್ತಿದ ಇಡ್ಲಿಯ ಹಾಗೆ ತಗ್ಗಿತ್ತು. ಅಷ್ಟು ದಿನ ನಾನೇ ನೋಡಿರಲಿಲ್ಲ. "ನರ ಸೋತಾಗ ಹೀಗೆ ಇಳಿಯತ್ತೆ. ಪಟ್ಟಿ ಹಾಕ್ಕೊಂಡು ನೋಡೋ ಹಂತ ದಾಟಿದೀರಾ. ಓಣಿಯ ಛಾವಣಿ ಕತ್ತರಿಸಿ ಜಾಗ ಮಾಡ್ಬೇಕು, ಚಿಕ್ಕ ಆಪರೇಷನ್. ತಡ ಮಾಡಿದ್ರೆ ಮಾಡಿಸ್ಕೊಂಡ್ರೂ ಸ್ಪರ್ಶ ವಾಪಸ್ ಬರತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

ಆಪರೇಷನ್ ಆದರೆ ತಿಂಗಳುಗಟ್ಟಲೆ ಕೈ ಬಳಸುವ ಹಾಗಿಲ್ಲ. ಅಷ್ಟೂ ತಿಂಗಳು ಕಿಟಕಿಯ ಕೆಳಗೆ ಅವಳು. ಆಮೇಲೆ ಆ ಸ್ಟೂಲು ನನ್ನದು ಅಂತ ಯಾರಿಗೆ ನೆನಪಿರುತ್ತದೆ? "ನಂಗೆ ವಯಸ್ಸಾತು ತಾಯಿ, ಕತ್ರಿ ಗಿತ್ರಿ ಬ್ಯಾಡ," ಅಂದೆ. ವಯಸ್ಸಾಯಿತು ಅಂತ ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಸೊಸೆಗೆ ಆಶ್ಚರ್ಯವಾಯಿತು. ಡಾಕ್ಟರಮ್ಮ ಸದ್ಯಕ್ಕಿರಲಿ ಅಂತ ಮಣಿಕಟ್ಟು ನೆಟ್ಟಗೆ ನಿಲ್ಲಿಸುವ ಪಟ್ಟಿಯೊಂದನ್ನು ಕೊಟ್ಟು, ಯೋಚನೆ ಮಾಡಿ ಬನ್ನಿ, ಬೇಗ ಬನ್ನಿ ಅಂದರು.

ಪಟ್ಟಿ ಹಾಕಿಕೊಂಡು ಕಾಗದ ಕತ್ತರಿಸುತ್ತಾ ಕಾವಲು ಕೂತೆ. ಅವಳು ತಪ್ಪು ಮಾಡಲಿ ಅಂತ ಕಾದೆ.

ತಪ್ಪು ಬರಲಿಲ್ಲ. ಬಂದದ್ದು ಬೇರೆ. ಒಂದು ಸಂಜೆ ನಲ್ಲಿಯ ಹತ್ತಿರ ಕೈ ತೊಳೆಯುವ ಮೊದಲೇ ಬೀಗಿತ್ತಿ ಬಲಗೈ ಕೆಳಗೆ ಬಿಟ್ಟು ಕೊಡವಿದಳು. ನಾಲ್ಕು ಸಲ.

ನನ್ನ ಜೀವ ಹಗುರವಾಯಿತು. ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ಬೆಂಚು ಎತ್ತರ, ಸ್ಟೂಲು ಗಿಡ್ಡ, ಸ್ಟೇಟರು ನೆಟ್ಟಗೆ ನಿಂತಿರುತ್ತದೆ, ಮಣಿಕಟ್ಟು ಬಗ್ಗಿಸಿಯೇ ಒತ್ತಬೇಕು. ಬೇಸಿಗೆಯ ಆ ನೂಕುನುಗ್ಗಲಿನಲ್ಲಿ ಅವಳು ಬಿಡುವಿಲ್ಲದೆ ಒತ್ತುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮುಂದಿನ ಮಳೆಯೊಳಗೆ ಅವಳ ಬೆರಳೂ ಕುರುಡಾಗುತ್ತದೆ. ಕೆಲವು ದಿನ ಮುಚ್ಚಿಕೊಂಡೂ ಇದ್ದೆ. ಊಟ ಚೆನ್ನಾಗಿ ಸೇರಿತು.

ಆಮೇಲೊಂದು ದಿನ ಬುತ್ತಿ ಬಿಚ್ಚುವ ಹೊತ್ತಿಗೆ ಅವಳು ನನ್ನ ಪಕ್ಕ ಬಂದು ಕೂತಳು. ಎಡಗೈಯಲ್ಲಿ ಒಂದು ತುಂಡು ತಾಮ್ರದ ತಂತಿ. ಬಲಗೈ ನನ್ನ ಮುಂದೆ ಚಾಚಿದಳು.

"ಬೀಗ್ತೇರ, ನೀವು ಮೊದ್ಲ ಸುತ್ಕೊಂಡಿದ್ರಲ್ಲ, ಹಂಗ ನಂಗೂ ಒಂಚೂರು ಸುತ್ತಿ ಕೊಡ್ರಿ. ನನ್ನ ಕೈಲೆ ನಾನ ಸುತ್ಕೊಂಡ್ರ ಸಡ್ಲ ಆಗತೈತಿ."

ತಂತಿ ತೆಗೆದುಕೊಂಡೆ. ಅವಳ ಮಣಿಕಟ್ಟು ನನ್ನ ತೊಡೆಯ ಮೇಲಿತ್ತು. ಗಾಜಿನ ಬಳೆ ಮೇಲಕ್ಕೆ ಸರಿಸಿಕೊಂಡಿದ್ದಳು. ನಾನು ಅವಳ ಬೆರಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಕಪ್ಪು ಚುಕ್ಕೆಗಳು. ಅವಳ ಜೋಮು ನನ್ನದೇ ಮೂರು ಬೆರಳಲ್ಲಿ. ನನ್ನ ಸ್ಟೂಲು ತಗೊಂಡಳು, ನನ್ನ ಹೆಸರು ತಗೊಂಡಳು, ಸೊಸೆಯ ಮಾತು ತಗೊಂಡಳು, ಈಗ ನನ್ನ ಕಾಯಿಲೆಯನ್ನೂ ತಗೊಳ್ಳಲು ಬಂದಿದ್ದಾಳೆ. ನನಗೆ ರೇಗಿಹೋಯಿತು. ತಂತಿಯನ್ನು ಗುಜರಿ ಡಬ್ಬಕ್ಕೆ ಎಸೆದೆ.

"ಯಾಕ್ರಿ?"

"ನನ್ ಕಾಯ್ಲೆನಾರ ನನ್ಗೇ ಬುಡಿ. ಏಳ್ರಿ ಮೇಲಕ್ಕೆ."

ಶೆಡ್ಡಿನ ಹಿಂದೆ ಹಳೇ ಸ್ಕೂಟರ್ ಟೈರೊಂದು ಬಿದ್ದಿತ್ತು. ಅದನ್ನು ಬೆಂಚಿನ ಮೇಲೆ ಹಾಕಿ, ಸ್ಟೇಟರನ್ನು ಅದರೊಳಗೆ ವಾಲಿಸಿ ಕೂರಿಸಿದೆ, ಬಾಯಿ ನಮ್ಮ ಎದೆಗೆ ಬರುವ ಹಾಗೆ. ಸ್ಟೂಲಿನ ಮೇಲೆ ಎರಡು ಮರದ ಹಲಗೆ ಏರಿಸಿದೆ. ನನ್ನ ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ ಅವಳಿಗೆ ಕಟ್ಟಿದೆ. ಪಟ್ಟಿ ಇದ್ದರೆ ಮಣಿಕಟ್ಟು ಬಗ್ಗುವುದಿಲ್ಲ, ಮೊಣಕೈಯಿಂದ ಒತ್ತಬೇಕಾಗುತ್ತದೆ. "ಈಗ್ ಒತ್ತಿ ನೋಡ್ರಿ." ಒತ್ತಿದಳು. ಮೊದಲು ಸೊಟ್ಟಗೆ ಹೋಯಿತು, ಆಮೇಲೆ ದಾರಿಗೆ ಬಂತು. "ಒಂದು ಸ್ಲಾಟ್ ಆದ್ಮೇಲೆ ಕೈ ಬುಟ್ಟು ಬೆರಳು ಅಗಲ ಮಾಡ್ಕೊಳಿ. ಜೋಮು ಬಂದ್ರೆ ಕೊಡವ್ಕೊಂಡು ಸುಮ್ಕಾಗ್ಬ್ಯಾಡಿ, ನಂಗೇಳಿ."

ಓನರ್ ಬಂದು, "ಏನಮ್ಮ, ಟೈರು ಯಾಕೆ?" ಅಂದರು.

"ನಾನು ಆಪ್ರೇಷನ್ಗೆ ಓಯ್ತಾ ಇವ್ನಿ ಕಣಪ್ಪ. ಬರಗಂಟ ಇವ್ರು ಇಲ್ಲೇ ಕೂತ್ಕಳ್ಲಿ. ಟೈರ್ ಯಾರಾದ್ರೂ ತೆಗುದ್ರೆ ಬಂದು ವಿಚಾರುಸ್ಕತೀನಿ."

ಹಾಗಂತ ನಾನು ಒಳ್ಳೆಯವಳಾದೆ ಅಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಕೈ ಮಾತ್ರ ಮರಗಟ್ಟಿಸಿ, ಪರದೆ ಕಟ್ಟಿ, ಅಂಗೈ ಬುಡದಲ್ಲಿ ಕೊಯ್ಯುತ್ತಿದ್ದಾಗ ನಾನು ಎಣಿಸುತ್ತಿದ್ದದ್ದು ದೇವರ ನಾಮ ಅಲ್ಲ. ಈಗ ಅವಳು ಯಾವ ಸ್ಲಾಟಿನಲ್ಲಿದ್ದಾಳೆ ಅಂತ.

ಕಟ್ಟು ಬಿಚ್ಚಿದ ಮೇಲೆ ಜೋಮು ಹೋಗಿತ್ತು, ಆದರೆ ಬೆರಳು ಇನ್ನೂ ಹತ್ತಿ ಸುತ್ತಿದ ಹಾಗೆ. ಅಂಗೈ ಊರಿದರೆ ಗಾಯದ ಎರಡೂ ಬದಿ ನೋವು. ನರ ಚಿಗುರಲು ತಿಂಗಳುಗಳು ಬೇಕು, ಚಿಗುರದೆಯೂ ಇರಬಹುದು ಅಂದಿದ್ದರು ಡಾಕ್ಟರಮ್ಮ. ದಿನಾ ಬೆರಳು ಮಡಿಚಿ ಬಿಚ್ಚುವುದು, ಒಂದೊಂದೇ ಬೆರಳನ್ನು ಹೆಬ್ಬೆರಳಿಗೆ ಮುಟ್ಟಿಸುವುದು. ಕಣ್ಣು ಮುಚ್ಚಿ ಕಡಲೆಯೋ ಹೆಸರುಕಾಳೋ ಹೇಳುವುದು. ಮೊಮ್ಮಗಳು ಎದುರು ಕೂತು ಪರೀಕ್ಷೆ ಮಾಡುತ್ತಿದ್ದಳು, ಟವೆಲ್ಲು ಹಾಕುವುದನ್ನು ಅವಳಿಗೂ ಯಾರೋ ಹೇಳಿಕೊಟ್ಟಿದ್ದರು. ಬಹಳ ದಿನ ಎಲ್ಲವೂ ನನಗೆ ಹೆಸರುಕಾಳೇ. ಸಂಜೆ ಬೀಗಿತ್ತಿ ಬಂದು ಶೆಡ್ಡಿನ ಸುದ್ದಿ ಹೇಳುತ್ತಿದ್ದಳು. ನಾನು ಕೇಳಿಸದವಳ ಹಾಗೆ ಕೂತು ಒಂದೂ ಬಿಡದೆ ಕೇಳುತ್ತಿದ್ದೆ.

ಮಳೆ ಶುರುವಾದ ಮೇಲೆ ಶೆಡ್ಡಿಗೆ ವಾಪಸ್ ಹೋದೆ. ಒತ್ತುವ ಕೆಲಸ ಬೇಡ, ಕೂರಿಸಿ ಮುಗಿದ ಸಿಂಬಿಗಳ ತುದಿಯನ್ನು ದಾರದಲ್ಲಿ ಬಿಗಿಯುವುದು, ವಾರ್ನಿಷ್ ಬಳಿಯುವ ಮೊದಲು ಒಂದು ಸಲ ಸವರಿ ನೋಡುವುದು ಅಂದರು ಓನರ್. ಸವರುತ್ತಿದ್ದೆ, ಏನೂ ತಿಳಿಯುತ್ತಿರಲಿಲ್ಲ. ಆದರೂ ತಿಳಿದವಳ ಹಾಗೆ ತಲೆ ಆಡಿಸುತ್ತಿದ್ದೆ. ಬೀಗಿತ್ತಿ ಟೈರಿನ ಮುಂದೆ, ಹಲಗೆ ಏರಿಸಿದ ನನ್ನ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು.

ಮೊನ್ನೆ ಅವಳ ಕೈಯಿಂದ ಬಂದ ಒಂದು ಸ್ಟೇಟರಿನಲ್ಲಿ ಹೆಬ್ಬೆರಳು ಆಡಿಸುತ್ತಿದ್ದೆ. ಒಂದು ಕಡೆ ಏನೋ ತಡೆಯಿತು. ಬೆರಳು ಹಿಂದಕ್ಕೆ ತಂದೆ. ಮತ್ತೆ ತಡೆಯಿತು. ಕಣ್ಣು ಮುಚ್ಚಿದೆ. ಒಂದು ಎಳೆ ಇನ್ನೊಂದರ ಮೇಲೆ ಹತ್ತಿ ಕೂತಿತ್ತು, ತೆಳ್ಳಗೆ, ಶಾವಿಗೆಯ ಹಾಗೆ. ಕಣ್ಣಲ್ಲಿ ನೀರು ಬಂತು, ಅದನ್ನು ಯಾರಿಗೂ ತೋರಿಸಲಿಲ್ಲ. ಸ್ಟೇಟರನ್ನು ಎರಡೂ ಕೈಲಿ ಎತ್ತಿಕೊಂಡು ಹೋಗಿ ಅವಳ ಮುಂದೆ ಇಟ್ಟೆ. ಶೆಡ್ಡಿಗೆಲ್ಲ ಕೇಳುವ ಹಾಗೆ ಹೇಳಿದೆ.

"ಬೀಗಿತ್ತಮ್ಮ, ಇಲ್ಲೊಂದು ಎಳೆ ಅಡ್ಡ ಬಿದ್ದೈತೆ ನೋಡ್ರಿ. ನಿಮ್ ಬೆರಳಿಗೂ ವಯಸ್ಸಾತಾ?"

ಅವಳು ಬೆರಳು ಹಾಕಿ ನೋಡಲೂ ಇಲ್ಲ. ಬಿದಿರ ಕಡ್ಡಿ ತೆಗೆದುಕೊಂಡು, ಎಳೆ ಎಲ್ಲಿದೆ ಅಂತ ಕೇಳದೆ ಸೀದಾ ಆ ಜಾಗಕ್ಕೇ ಹಾಕಿ, ಎತ್ತಿ ಸರಿ ಮಾಡಿದಳು.

"ನೀವು ತಿರುಗಿ ಬಂದ ದಿನದಿಂದ ದಿನಕ್ಕೊಂದು ಎಳಿ ಬೇಕಂತ ಅಡ್ಡ ಬಿಟ್ಟ ಕಳಸಾಕತ್ತೀನ್ರಿ ಬೀಗ್ತೇರ, ಆಮ್ಯಾಲೆ ನಾನ ತಿದ್ದಾಕತ್ತೀನಿ," ಅಂದಳು. "ಇವತ್ತ ಸಿಕ್ತೇನು ನಿಮಗ?"